ಡೈವೋರ್ಸ್ ಆಗಿದೆ, ಬಸ್ ಎಂದಿನಂತೆ ಬರುತ್ತದೆ

ಬಸ್ಸಿನಲ್ಲಿ ಕೆಲಸ ಮಾಡುವವರು ನಗುವುದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ರಸ್ತೆ ಬದಿಯಲ್ಲಿ ನಿಂತು, ಕೈ ಅಡ್ಡ ಹಾಕಿ, ಸ್ಟಾಪಿಲ್ಲದ ಕಡೆ ಹತ್ತುತ್ತದೆ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಇರುವುದು ಮಧುಗಿರಿಯಲ್ಲಿ. ವಾರದಲ್ಲಿ ನಾಲ್ಕು ದಿನ ಬಡವನಹಳ್ಳಿ ಮೇಲೆ ಶಿರಾ, ಮಿಕ್ಕ ದಿನ ಒಮ್ಮೆ ಕೊರಟಗೆರೆ, ಒಮ್ಮೆ ಪಾವಗಡ. ಹೆಣ್ಣು ಕಂಡಕ್ಟರ್ ಅಂದರೆ ಜನಕ್ಕೆ ಅರ್ಧ ಅಧಿಕಾರಿ, ಅರ್ಧ ನೆಂಟರ ಹುಡುಗಿ. ಚಿಲ್ಲರೆ ಕೇಳಿದಾಗ ಅಧಿಕಾರಿ, ಮನೆ ಸಮಾಚಾರ ವಿಚಾರಿಸುವಾಗ ನೆಂಟರ ಹುಡುಗಿ.

ದಾರಿಯುದ್ದಕ್ಕೂ ಎಲ್ಲರ ಹತ್ತಿರ ನನ್ನ ನಂಬರಿದೆ. ಮೊದಲೆಲ್ಲ ಫೋನ್ ಮಾಡಿ "ಬಸ್ ಎಲ್ಲೈತೆ" ಎಂದು ಕೇಳುತ್ತಿದ್ದರು. ಒಂದು ಕೈಯಲ್ಲಿ ಟಿಕೆಟ್ ಮಿಷನ್, ಇನ್ನೊಂದರಲ್ಲಿ ಫೋನು, ಕಂಬಿ ಹಿಡಿಯುವುದಕ್ಕೆ ಮೂರನೇ ಕೈ ದೇವರು ಕೊಟ್ಟಿಲ್ಲ. ತಲೆ ಕೆಟ್ಟು ವಾಟ್ಸಾಪ್ ಸ್ಟೇಟಸ್ ಹಾಕಲು ಶುರು ಮಾಡಿದೆ. 'ಮಧುಗಿರಿ ಬಿಟ್ಟಿದೆ.' 'ಬಡವನಹಳ್ಳಿ, ಟೀ.' 'ಪಂಕ್ಚರ್. ಮನೆಗೆ ಹೋಗಿ ಊಟ ಮಾಡಿಕೊಂಡು ಬನ್ನಿ.' ಹೀಗಾಗಿ ನನ್ನ ಸ್ಟೇಟಸ್ ನೋಡುವಷ್ಟು ಜನ ಈ ನಾಲ್ಕು ತಾಲ್ಲೂಕಿನಲ್ಲಿ ಬೇರೆ ಯಾರದ್ದನ್ನೂ ನೋಡುವುದಿಲ್ಲವೆಂದು ನನ್ನ ನಂಬಿಕೆ. ನನ್ನ ಡೈವೋರ್ಸ್ ಸುದ್ದಿಯನ್ನೂ ಅಲ್ಲಿಯೇ ಹಾಕಿದೆ. ಅದಕ್ಕೆ ಮುಂಚೆ, ಅದಾದ ಮೇಲೆ ನಡೆದ ಫಜೀತಿಗಳು ಇವು.

೧. ಊರಿಗೊಬ್ಬ ಗಂಡ

ನಮ್ಮ ಮದುವೆಯಾಗಿ ಹನ್ನೊಂದು ವರ್ಷ. ಕೊನೆಯ ಮೂರು ವರ್ಷ ಬೇರೆ ಬೇರೆ ಇದ್ದೆವು. ನಮ್ಮವರು ಪಾವಗಡದಾಚೆ ರಾಯಚರ್ಲು ಕಡೆ ಸೋಲಾರ್ ಕೆಲಸಕ್ಕೆ ಹೋದವರು ಅಲ್ಲೇ ರೂಮು ಮಾಡಿಕೊಂಡರು. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ, ನಡುವೆ ಇನ್ನೊಬ್ಬಳೂ ಇಲ್ಲ, ಮಕ್ಕಳೂ ಇಲ್ಲ. ಇಬ್ಬರೂ ಒಳ್ಳೆಯವರೇ. ಒಂದೇ ಮನೆಯಲ್ಲಿ ಇಟ್ಟರೆ ಮಾತ್ರ ಇಬ್ಬರೂ ಕೆಟ್ಟವರಾಗುತ್ತಿದ್ದೆವು.

ಇದನ್ನು ಓಡುವ ಬಸ್ಸಿನಲ್ಲಿ ಯಾರಿಗೆ ವಿವರಿಸುವುದು? "ಯಜಮಾನ್ರು ಹೆಂಗವ್ರಮ್ಮ" ಎಂದು ಕೇಳಿದವರಿಗೆಲ್ಲ ಬಾಯಿಗೆ ಬಂದ ಸುಳ್ಳು ಹೇಳುತ್ತಿದ್ದೆ. ಶಿರಾದ ಟೀಚರಮ್ಮನಿಗೆ, ಟ್ರೈನಿಂಗಿಗೆ ಹೋಗಿದ್ದಾರೆ. ಕೊರಟಗೆರೆಯ ಹೂವಿನವಳಿಗೆ, ಬೆನ್ನುನೋವು, ಏಳುವ ಹಾಗಿಲ್ಲ. ಮಧುಗಿರಿಯ ಮೆಡಿಕಲ್ ಸ್ಟೋರಿನವರಿಗೆ, ಬೆಳಿಗ್ಗೆ ಬೈಕಿನಲ್ಲಿ ನನ್ನನ್ನು ಡ್ಯೂಟಿಗೆ ಬಿಟ್ಟು ಹೋದರು. ಸುಳ್ಳು ಹೇಳುವುದು ಕಷ್ಟವಲ್ಲ, ಯಾವ ಊರಿಗೆ ಯಾವ ಸುಳ್ಳು ಎಂದು ನೆನಪಿಡುವುದು ಕಷ್ಟ.

ಒಂದು ದಿನ ಸಿದ್ದರಬೆಟ್ಟಕ್ಕೆ ಸ್ಪೆಷಲ್ ಬಸ್ಸು ಬಿಟ್ಟರು. ನನ್ನದೇ ಡ್ಯೂಟಿ. ನೋಡಿದರೆ ಮೂರು ಜನರ ಸೀಟಿನಲ್ಲಿ ಅದೇ ಮೂರು ಜನ, ಭುಜಕ್ಕೆ ಭುಜ ತಾಗಿಸಿ. ಅರ್ಧ ದಾರಿಯಲ್ಲಿ ನನ್ನ ಗಂಡನ ವಿಷಯ ಬಂದೇ ಬಂತು. ಮೂವರೂ ತಮತಮಗೆ ಗೊತ್ತಿದ್ದನ್ನು ಹೇಳಿಕೊಂಡು, ಕೂಡಿಸಿ, ಒಪ್ಪಿಕೊಂಡೇಬಿಟ್ಟರು. ಇಳಿಯುವಾಗ ಹೂವಿನವಳು ನನ್ನ ಕೈ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು:

"ಅಂಥಾ ಬೆನ್ನುನೋವಿಟ್ಕಂಡು, ನಿನ್ನ ಬೈಕಲ್ಲಿ ಬಿಟ್ಟು, ಆಮೇಲೆ ಟ್ರೈನಿಂಗಿಗೆ ಹೋಯ್ತಾನಲ್ಲಮ್ಮ. ಅಂಥ ಗಂಡ ಸಿಗ್ಬೇಕಂದ್ರೆ ಪುಣ್ಯ ಮಾಡಿರ್ಬೇಕು ಕಣಮ್ಮ."

೨. ಡ್ರೈವರಣ್ಣನ ತಿದ್ದುಪಡಿ

ಕೋರ್ಟಿನ ಆದೇಶ ಕೈಗೆ ಬಂತು. ಇನ್ನು ಒಂದೇ ಸಲ ಎಲ್ಲರಿಗೂ ಹೇಳಿ ಮುಗಿಸಬೇಕು ಎಂದುಕೊಂಡೆ. ತಡೆದದ್ದು ಒಂದೇ ಭಯ, ನಮ್ಮತ್ತೆ.

ಅತ್ತೆ ಇರುವುದು ಬಡವನಹಳ್ಳಿ ದಾಟಿ ಸ್ವಲ್ಪ ದೂರ, ಬೇವಿನ ಮರದ ಸ್ಟಾಪಿನಲ್ಲಿ. ಕುರಿ ಸಾಕುವ ಮನೆತನ. ಪ್ರತಿ ಸಂತೆಗೂ ನನ್ನ ಬಸ್ಸಿಗೇ ಕಾದು, ಕಂಕುಳಲ್ಲಿ ಒಂದು ಕೋಳಿ ಇಟ್ಟುಕೊಂಡು ಹತ್ತುತ್ತಾರೆ. ನನ್ನ ಸೀಟಿನ ಹಿಂದಿನ ಸೀಟು ಅವರದ್ದೇ ಎಂದು ಬಸ್ಸಿಗೆಲ್ಲ ಗೊತ್ತು. ಹೆಂಗಸರಿಗೆ ಬಸ್ಸು ಫ್ರೀ, ಕೋಳಿಗೆ ಟಿಕೆಟ್ ಉಂಟು. "ಸೊಸೆ ಬಸ್ಸಿನಾಗೆ ಕೋಳಿಗೂ ಟಿಕೀಟಾ?" ಎಂದು ಅತ್ತೆ ಮುಖ ತಿರುಗಿಸುತ್ತಾರೆ, ಕೋಳಿ ಟಿಕೆಟ್ಟಿನ ದುಡ್ಡು ನಾನು ಕೊಡುತ್ತೇನೆ. ನಮ್ಮಮ್ಮ ತೀರಿಕೊಂಡ ಮೇಲೆ ನನ್ನ ತಲೆ ಮುಟ್ಟಿ "ಉಂಡ್ಯಾ" ಎಂದು ಕೇಳುತ್ತಿದ್ದವರು ಅವರೊಬ್ಬರೇ. ಗಂಡ ಹೋದದ್ದಕ್ಕೆ ನಾನು ಅತ್ತಿರಲಿಲ್ಲ. ಅತ್ತೆ ಇನ್ನು ನನ್ನ ಬಸ್ಸು ಹತ್ತುವುದಿಲ್ಲವೇನೋ ಎಂದು ನೆನೆಸಿಕೊಂಡರೆ ಟಿಕೆಟ್ ಲೆಕ್ಕ ತಪ್ಪುತ್ತಿತ್ತು.

ಅತ್ತೆಯ ಮಗನಿಗೇ ಫೋನ್ ಮಾಡಿ ಕೇಳಿದೆ, "ಅಮ್ಮನಿಗೆ ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಏನೂ ಅನ್ಲಿಲ್ಲ. ಎದ್ದು ಕೊಟ್ಟಿಗೆಗೆ ಹೊಂಟೋದ್ಲು."

ಬೈದಿದ್ದರೂ ವಾಸಿಯಿತ್ತು. ಕೊಟ್ಟಿಗೆಗೆ ಹೋದರೆಂದರೆ ಏನು ಅರ್ಥ ಮಾಡಿಕೊಳ್ಳುವುದು?

ಮಾರನೇ ದಿನ ಬಡವನಹಳ್ಳಿಯಲ್ಲಿ ಟೀ ಕುಡಿಯುತ್ತ ಬರೆಯಲು ಕೂತೆ. ನಮ್ಮ ಡ್ರೈವರಣ್ಣ ರಿಟೈರಾಗಲು ಒಂದೇ ವರ್ಷ ಉಳಿದವರು, ಮಾತು ಕಡಿಮೆ. ಓದಿ ತೋರಿಸಿದೆ. "ಬದುಕಿನ ಪಯಣದಲ್ಲಿ ಕೆಲವೊಮ್ಮೆ..."

"ನಿಲ್ಸಮ್ಮ" ಎಂದರು. "ಪಯಣ ಅಂದ್ರೆ ಯಾರೋ ಹೋಗ್ಬುಟ್ರು ಅಂತ ಹಾರ ತಗಂಡು ಬತ್ತಾರೆ. ಡೈವೋರ್ಸ್ ಅಂತ ನೆಟ್ಟಗೆ ಬರಿ. ತಿರುಗೋ ಮುಂಚೆ ಇಂಡಿಕೇಟ್ರು ಹಾಕ್ಬೇಕು, ಹಾಡು ಹೇಳ್ಬಾರ್ದು."

ನೆಟ್ಟಗೆ ಬರೆದೆ: 'ನನಗೂ ನಮ್ಮ ಮನೆಯವರಿಗೂ ಕಾನೂನು ಪ್ರಕಾರ ಡೈವೋರ್ಸ್ ಆಗಿದೆ. ಇಬ್ಬರೂ ಚೆನ್ನಾಗಿದ್ದೇವೆ. ದಯವಿಟ್ಟು ಯಾರೂ ಏನೂ ಕೇಳಬೇಡಿ.'

ಅವರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿ, ತಲೆ ಆಡಿಸಿದರು. "ಮುಖ್ಯವಾದ್ದೇ ಬುಟ್ಬುಟ್ಟಿದ್ದೀಯಲ್ಲ. ಕೆಳ್ಗೆ ಹಾಕು: ಬಸ್ ಎಂದಿನಂತೆ ಬರುತ್ತದೆ."

೩. ಚಿಲ್ಲರೆ

ಹಾಕಿ ಫೋನನ್ನು ಬ್ಯಾಗಿಗೆ ತುರುಕಿದೆ. ಬಸ್ಸು ಹೊರಟು ಐದು ನಿಮಿಷಕ್ಕೆ ಮೊದಲ ಉತ್ತರ ಬಂತು. ಯಾರೋ ಮರುಗಿರಬೇಕು ಎಂದು ಧೈರ್ಯ ಮಾಡಿ ತೆಗೆದೆ.

'ಅದಿರ್ಲಿ, ಬಸ್ ಎಲ್ಲೈತೆ?'

ಎರಡನೆಯದು ಹಾಲಿನ ಡೈರಿ ಸೆಕ್ರೆಟರಿಯದು. 'ವಿಷಯ ತಿಳಿದು ಬಹಳ ದುಃಖವಾಯಿತು. ದೇವರು ನಿಮಗೆ ಶಕ್ತಿ ಕೊಡಲಿ. ಹಿಂದಿನ ಬಾಗಿಲ ಪಕ್ಕದ ಸೀಟಿನ ಕೆಳಗೆ ನನ್ನ ಛತ್ರಿ ಇದೆಯಾ ನೋಡಿ.' ಇತ್ತು. ತೆಗೆದಿಟ್ಟೆ. ಮೂರನೆಯವರು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುವವರು. ಅಂದು ಯೋಚನೆ ಮಾಡಿ ಎರಡು ಗುಲಾಬಿ ಕಳಿಸಿದ್ದರು.

ಮಾರನೇ ದಿನದಿಂದ ಒಬ್ಬರೂ ಕೇಳಲಿಲ್ಲ. ಮೂರು ವರ್ಷದಿಂದ ಹೊತ್ತ ಮೂಟೆ ಇಳಿಸಿದಷ್ಟು ಹಗುರವಾಯಿತು. ಯಾರಿಗೆ ಬೆನ್ನುನೋವು, ಯಾರಿಗೆ ಟ್ರೈನಿಂಗು ಎಂದು ಜ್ಞಾಪಿಸಿಕೊಳ್ಳಬೇಕಾಗಿಲ್ಲ. ನನಗೆ ಹೇಗೆ ಸಮಾಧಾನ ಹೇಳುವುದೋ ಜನಕ್ಕೆ ತಿಳಿಯಲಿಲ್ಲ. ಆದರೆ ಸುಮ್ಮನಿರಲೂ ಆಗಲಿಲ್ಲ. ಒಂದು ವಾರ ಗಂಡಸರೆಲ್ಲ ಸರಿಯಾದ ಚಿಲ್ಲರೆ ತಂದುಕೊಟ್ಟರು. ಐನೂರರ ನೋಟು ಚಾಚುವುದನ್ನೇ ವೃತ್ತಿ ಮಾಡಿಕೊಂಡಿದ್ದ ಶಿರಾದ ಮನುಷ್ಯ ಕೂಡ ಹತ್ತು, ಐದು, ಎರಡು ಎಂದು ಜೋಡಿಸಿ, ತಲೆ ತಗ್ಗಿಸಿ, ನನ್ನ ಅಂಗೈಯಲ್ಲಿಟ್ಟ.

ಡ್ರೈವರಣ್ಣ ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದರು. ವಾರದ ಕೊನೆಗೆ ಹೇಳಿದರು, "ವರ್ಸಕ್ಕೊಂದ್ಸಲ ಡೈವೋರ್ಸ್ ತಗಳಮ್ಮ."

ಬಸ್ಸಿನಲ್ಲಿ ಎಲ್ಲ ಸರಿಯಿತ್ತು. ಆದರೆ ಆ ವಾರದ ಸಂತೆಗೆ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಡ್ರೈವರಣ್ಣ ಯಾರೂ ಕೈ ತೋರಿಸದಿದ್ದರೂ ನಿಲ್ಲಿಸಿ, ಒಂದು ನಿಮಿಷ ಕಾದು, ಹೊರಟರು. ನನ್ನ ಹಿಂದಿನ ಸೀಟಿನಲ್ಲಿ ಯಾರೂ ಕೂರಲಿಲ್ಲ, ನಿಂತವರು ನಿಂತೇ ಬಂದರು.

೪. ಎರಡಿಂಚು

ಶಿರಾದಲ್ಲಿ ನನ್ನ ಯೂನಿಫಾರಂ ಹೊಲಿಯುವ ಸಾಹೇಬರೊಬ್ಬರಿದ್ದಾರೆ. ವಯಸ್ಸಾದವರು, ಬಾಯಲ್ಲಿ ಸದಾ ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುವುದರಿಂದ ಅವರ ಮಾತು ಸಣ್ಣದಾಗಿರುತ್ತದೆ. ಹೊಸ ಖಾಕಿ ತರಲು ಹೋದೆ. ಸ್ಟೇಟಸ್ ಅವರೂ ನೋಡಿದ್ದರು. ಖಾಕಿ ತೆಗೆದು ಕೈಗಿಟ್ಟರು, ಅಷ್ಟೇ.

ಹಾಕಿಕೊಂಡು ನೋಡಿದೆ, ಸರಿಯಾಗಿತ್ತು. ಒಳಗೆ ಹೊಲಿಗೆಯ ಪಕ್ಕದಲ್ಲಿ ಬಟ್ಟೆ ತುಂಬ ಉಳಿಸಿದ್ದರು. "ಇಷ್ಟು ಯಾಕೆ ಬಿಟ್ರಿ?" ಎಂದೆ.

ಅವರು ಬಾಯಿಂದ ಸೂಜಿ ತೆಗೆದರು. ಅಂದರೆ ದೊಡ್ಡ ಮಾತು ಬರುತ್ತದೆ ಎಂದರ್ಥ.

"ಮೂರು ವರ್ಸದಿಂದ ನಿಮ್ದು ಅಳತೆ ಸಣ್ಣ ಆಯ್ತಾನೇ ಇತ್ತು ಬೇಟಿ. ನಾನು ಕೇಳಿಲ್ಲ. ಟೈಲರ್‌ಗೆ ಎಲ್ಲಾ ಗೊತ್ತಾಗ್ತದೆ, ಟೇಪ್ ಹೇಳ್ತದೆ. ಈಗ ಫಿಕರ್ ಹೋಯ್ತಲ್ಲ. ಇನ್ನು ಮೇಲೆ ಊಟ ಸೇರ್ತದೆ, ನಿದ್ದೆ ಬರ್ತದೆ. ಎರಡಿಂಚು ಬಿಟ್ಟಿದೀನಿ. ದಪ್ಪ ಆದಾಗ ಬನ್ನಿ, ಬಿಚ್ಚಿ ಕೊಡ್ತೀನಿ. ಅದಕ್ಕೆ ದುಡ್ಡು ಬೇಡ."

ನನಗೆ ಅಲ್ಲೇ ಕಣ್ಣು ತುಂಬಿತು. ಹಾರೈಕೆ ಅಂದರೆ ಹೀಗಿರಬೇಕು ಅನಿಸಿತು. ಆದರೆ ಸಾಹೇಬರ ಲೆಕ್ಕಾಚಾರ ಒಂದು ಕಡೆ ತಪ್ಪಿತು. ಎರಡಿಂಚು ಮೂರೇ ತಿಂಗಳಿಗೆ ಮುಗಿಯಿತು, ಈಗ ಹೊಸ ಬಟ್ಟೆ ಕೊಟ್ಟಿದ್ದೇನೆ.

೫. ಇದೂ ಫ್ರೀನಾ?

ಪಾವಗಡದ ಬಸ್ಸಿನಲ್ಲಿ ಒಂದು ಅಜ್ಜಿ ತಾತ ಜೋಡಿ ಹತ್ತುತ್ತಾರೆ. ಆ ಕಡೆಯವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ತಾತನಿಗೆ ಕಿವಿ ಮಂದ. ಮೊಮ್ಮಗಳು ಸ್ಟೇಟಸ್ ಓದಿ ಹೇಳಿದ್ದಳಂತೆ. ಅಜ್ಜಿ ಆಧಾರ್ ಕಾರ್ಡ್ ತೋರಿಸುತ್ತ ನನ್ನನ್ನು ಹತ್ತಿರ ಕರೆದಳು.

"ಏಮ್ಮಾ, ನೀಕು ವಿಡಾಕುಲು ಇಚ್ಚಿನಾರಂಟ. ಅದೇ, ಡೈವೋರ್ಸು."

"ಹೌದಜ್ಜಿ."

"ಹೆಂಗಸರಿಗೆ ಬಸ್ಸು ಫ್ರೀ ಮಾಡಿದ್ರಲ್ಲ, ಇದೂ ಫ್ರೀನಾ? ಆಧಾರ್ ಸಾಕಾ, ಇಲ್ಲ ರೇಷನ್ ಕಾರ್ಡೂ ಬೇಕಾ?"

ನಾನು ಅವಳ ಕೈಗೆ ಫ್ರೀ ಟಿಕೆಟ್ ಹರಿದುಕೊಟ್ಟೆ. ಅಷ್ಟರಲ್ಲಿ ತಾತ, "ಏಮಂಟಾಂದಿ?" ಎಂದು ಕೇಳಿದ. ಏನಂತಾಳೆ ಎಂದು. ಅಜ್ಜಿ ಅವನ ಕಿವಿಗೆ ಬಾಯಿಟ್ಟು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು: "ನಿನ್ನ ಬಿಟ್ರೆ ಎಷ್ಟಾಗ್ತದೆ ಅಂತ ಕೇಳ್ತಾ ಇದೀನಿ."

ತಾತ ಗಂಭೀರವಾಗಿ ಯೋಚಿಸಿದ. "ಬಿಟ್ರೆ ನಿಂಗೇ ಕಷ್ಟ. ಕಿಟಕಿ ಸೀಟು ಹಿಡಿಯೋದು ಯಾರು?"

ಅಲ್ಲಿಂದ ಪಾವಗಡದವರೆಗೆ ಜಗಳ. ಐವತ್ತು ವರ್ಷದ ಹಳೆಯ ತಪ್ಪುಗಳೆಲ್ಲ ಹೊರಗೆ ಬಂದವು. ಯಾವುದೋ ಮದುವೆಯಲ್ಲಿ ಅಜ್ಜಿಗೆ ಹೋಳಿಗೆ ಸಿಗದ ವಿಷಯವೂ ಬಂತು. ಸ್ಟ್ಯಾಂಡಿನಲ್ಲಿ ಅಜ್ಜಿ ಮೊದಲು ಇಳಿದು, ತಾತನಿಗೆ ಕೈ ಕೊಟ್ಟು ಇಳಿಸಿಕೊಂಡಳು. ಹೋಗುವ ಮುಂಚೆ ತಿರುಗಿ ನನಗೆ ಹೇಳಿದಳು, "ಫ್ರೀ ಆದ್ರೆ ಸ್ಟೇಟಸ್‌ಗೆ ಹಾಕಮ್ಮ."

೬. ನೋಡಿದ ಗಂಡು

ಕೊರಟಗೆರೆಯಲ್ಲಿ ಮದುವೆ ಕುದುರಿಸುವವರೊಬ್ಬರು ಇದ್ದಾರೆ. ನಾನು ಕೇಳದಿದ್ದರೂ ಎರಡನೇ ವಾರಕ್ಕೇ ವಾಟ್ಸಾಪಿನಲ್ಲಿ ಮೂರು ಬಯೋಡೇಟಾ ಕಳಿಸಿದರು. ಮೊದಲನೆಯವರಿಗೆ ಟ್ರಾಕ್ಟರ್ ಇತ್ತು. ಎರಡನೆಯವರಿಗೆ ಎರಡು ಟ್ರಾಕ್ಟರ್ ಇತ್ತು. ಮೂರನೆಯದನ್ನು ತೆರೆದರೆ ನನ್ನ ಹಳೆಯ ಗಂಡ.

ನಾನೇ ಆರಿಸಿ ತಂದ ನೀಲಿ ಶರ್ಟ್ ಹಾಕಿಕೊಂಡು ನಗುತ್ತಿದ್ದರು. ಕೆಳಗೆ ಬರೆದಿತ್ತು: 'ಸೋಲಾರ್ ಉದ್ಯೋಗ. ಶಾಂತ ಸ್ವಭಾವ. ಅಡುಗೆ ಬರುತ್ತದೆ.' ಹನ್ನೊಂದು ವರ್ಷದಲ್ಲಿ ಆ ಮನುಷ್ಯ ಹಾಲು ಉಕ್ಕಿದರೆ ಒಲೆ ಆರಿಸದೆ ನನ್ನನ್ನು ಕೂಗಿದವರು. ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಡಿಪೋದ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ಮಧ್ಯಾಹ್ನ ಮದುವೆ ಕುದುರಿಸುವವರ ಫೋನು. "ಮೂರನೇ ಗಂಡು ಹೆಂಗೆ ಮೇಡಂ? ಒಂದ್ಸಲ ನೋಡ್ತೀರಾ?"

"ನೋಡಿದೀನಿ" ಎಂದೆ.

೭. ಕೋಳಿ ಟಿಕೆಟ್

ಒಂದಲ್ಲ, ಎರಡಲ್ಲ, ಮೂರು ಸಂತೆ ಅತ್ತೆ ಬರಲಿಲ್ಲ. ಪ್ರತಿ ಸಲವೂ ಬೇವಿನ ಮರ ಹತ್ತಿರವಾದಂತೆ ನಾನು ಟಿಕೆಟ್ ಕೊಡುವ ನೆಪದಲ್ಲಿ ಬಸ್ಸಿನ ಹಿಂದಕ್ಕೆ ಹೋಗುತ್ತಿದ್ದೆ. ಡ್ರೈವರಣ್ಣ ನಿಲ್ಲಿಸುವುದು, ಬಾಗಿಲು ಖಾಲಿಯಿರುವುದು, ಮತ್ತೆ ಹೊರಡುವುದು. ಇನ್ನು ಮುಗಿಯಿತು ಎಂದುಕೊಂಡೆ. ಮಗನನ್ನು ಬಿಟ್ಟವಳ ಬಸ್ಸು ಯಾವ ತಾಯಿ ಹತ್ತುತ್ತಾಳೆ?

ನಾಲ್ಕನೇ ಸಂತೆಗೆ ಬಸ್ಸು ನಿಂತಿತು. ಮುಂದಿನ ಬಾಗಿಲಿನಿಂದ ಮೊದಲು ಒಂದು ಬಿದಿರಿನ ಮಂಕರಿ ಬಂತು, ಮೇಲೆ ಹಳೇ ಸೀರೆಯ ತುಂಡು ಮುಚ್ಚಿತ್ತು. ಹಿಂದೆಯೇ ಅತ್ತೆ. ಹಿಂದಿನ ಸೀಟಿನವರೆಲ್ಲ ಕತ್ತು ಉದ್ದ ಮಾಡಿದರು. ಎಲ್ಲರೂ ಸ್ಟೇಟಸ್ ನೋಡಿದವರೇ. ಅತ್ತೆ ತಮ್ಮ ಸೀಟಿನಲ್ಲಿ ಕೂತು, ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡರು.

ಕಂಡಕ್ಟರ್ ಬಾಯಿಗೆ ಬರುವುದೇ ಬಂತು. "ಎಲ್ಲಿಗೆ?"

"ಎಲ್ಲಿಗೆ ಅಂತ ಕೇಳ್ತೀಯಲ್ಲಮ್ಮ, ನಾನೇನ್ ಹೊಸಬ್ಳಾ? ಶಿರಾಕ್ಕೆ."

"ಮೂರು ಸಂತೆ ಬರಲಿಲ್ಲ ನೀವು."

"ಹೆಂಗ್ ಬರ್ಲಿ? ಕೋಳಿ ಕಾವಿಗೆ ಕೂತಿತ್ತು. ಬುಟ್ಟು ಬಂದ್ರೆ ಒಂದ್ ಮೊಟ್ಟೇನೂ ಉಳಿಯಾಕಿಲ್ಲ, ನಾಯಿ ಕಾಟ."

ಇಪ್ಪತ್ತೊಂದು ದಿನ ನಾನು ಉಣ್ಣದೆ ನಿದ್ದೆ ಮಾಡದೆ ಒದ್ದಾಡಿದ್ದು ಒಂದು ಕೋಳಿಯ ಬಾಣಂತನಕ್ಕಾಗಿ. ಆದರೂ ಕೇಳದೆ ಇರಲಾಗಲಿಲ್ಲ. "ಅವ್ರು ವಿಷಯ ಹೇಳಿದ ದಿನ ಏನೂ ಮಾತಾಡ್ದೆ ಎದ್ದು ಕೊಟ್ಟಿಗೆಗೆ ಹೋದ್ರಂತೆ."

"ಹೂಂ, ಹೋದೆ. ಅವತ್ತೇ ಅಲ್ವಾ ಮೊಟ್ಟೆ ಇಟ್ಟು ಕೋಳಿ ಕೂರ್ಸಿದ್ದು." ಅತ್ತೆ ಸೀರೆ ತುಂಡು ಸರಿಸಿದರು. ಒಂದು ಕೆಂಪು ಹೇಂಟೆ, ಅದರ ರೆಕ್ಕೆಯ ಕೆಳಗಿಂದ ಎಂಟು ಮರಿಗಳ ಚಿಂವ್ ಚಿಂವ್. "ನೀನು ಇನ್ಮೇಕೆ ಒಬ್ಳೇ ಇರ್ತೀಯ. ಮನೇಲಿ ಏನಾನ ಸದ್ದು ಬೇಡ್ವಾ? ಹಿತ್ಲಲ್ಲಿ ಬುಡು. ಬೆಕ್ಕು ಬತ್ತೈತೆ, ಸಂಜೆ ಮಂಕರಿ ಕವ್ಚಾಕು."

ಟಿಕೆಟ್ ಮಿಷನ್ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮೂರು ವರ್ಷದ್ದೆಲ್ಲ ಒಟ್ಟಿಗೆ ಹರಿದುಹೋಯಿತು. ಅತ್ತೆ ಕೂತಲ್ಲಿಂದಲೇ ನನ್ನ ತಲೆ ಸವರಿ, "ಉಂಡ್ಯಾ?" ಎಂದರು.

ಡ್ರೈವರಣ್ಣ ಮುಂದೆ ನೋಡುತ್ತಲೇ ಹೇಳಿದರು, "ಅತ್ಕೊಳಮ್ಮ, ಪರವಾಗಿಲ್ಲ. ಕೋಳಿಗೆ ಮಾತ್ರ ಟಿಕೆಟ್ ಕೊಟ್ಬುಡು, ಚೆಕಿಂಗ್‌ನೋರು ಬಂದಾರು."

ಕಣ್ಣೊರೆಸಿಕೊಂಡು ಅತ್ತೆಯ ಮುಂದೆ ಕೈ ಚಾಚಿದೆ. ಈಗ ನಾನು ಸೊಸೆಯಲ್ಲವಲ್ಲ, ಈ ಸಲವಾದರೂ ಕೊಡುತ್ತಾರೆ ಎಂದು.

"ನಾನ್ಯಾಕೆ ಕೊಡ್ಲಿ? ಕೋಳಿ ನಿಂದು" ಎಂದರು ಅತ್ತೆ.

ನಾನೇ ಕೊಟ್ಟೆ. "ಮತ್ತೆ ಮರಿಗಳಿಗೆ?" ಎಂದು ಹಿಂದಿನಿಂದ ಡೈರಿ ಸೆಕ್ರೆಟರಿ ಕೇಳಿದರು. ಅತ್ತೆ ತಿರುಗಿಯೂ ನೋಡಲಿಲ್ಲ. "ಇನ್ನೂ ಇಸ್ಕೂಲಿಗೇ ಸೇರಿಲ್ಲ ಅವು. ಟಿಕೀಟಂತೆ."

ದಾರಿಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದೆ, ಚಿಲ್ಲರೆ, ಎರಡಿಂಚು, ಬಯೋಡೇಟಾ. ಅಡುಗೆ ಬರುತ್ತದೆ ಎಂದದ್ದನ್ನು ಮತ್ತೊಮ್ಮೆ ಓದಿಸಿ ಕೇಳಿದರು. ಆಮೇಲೆ ಹೇಳಿದರು, "ಅದೇನೋ ಫೋನಿನಾಗೆ ಹಾಕಿದ್ಯಂತಲ್ಲ, ಊರೆಲ್ಲ ನೋಡಿದ್ರಂತೆ. ಇದನ್ನೂ ಹಾಕು."

ಡೈರಿ ಸೆಕ್ರೆಟರಿ ಫೋಟೋ ತೆಗೆದರು. ಅತ್ತೆ, ನಾನು, ನಡುವೆ ಮಂಕರಿ. ಏನು ಬರೆಯಲಿ ಎಂದರೆ ಅತ್ತೆ ಹೇಳಿ ಬರೆಸಿದರು: 'ಗಂಡ ಹೆಂಡ್ತಿ ಬುಟ್ಟವ್ರೆ. ಅತ್ತೆ ಸೊಸೆ ಬುಟ್ಟಿಲ್ಲ.' ನಾನು ಕೆಳಗೆ ಸೇರಿಸಿದೆ: 'ಬಸ್ ಎಂದಿನಂತೆ ಬರುತ್ತದೆ.'

ಶಿರಾ ಕಾಣುವ ಮುಂಚೆ ಮೊದಲ ಉತ್ತರ ಬಂತು. ರಾಯಚರ್ಲಿನಿಂದ, ಅವರೇ. ಇಡೀ ಬಸ್ಸಿಗೆ ಕೇಳುವ ಹಾಗೆ ಓದಿದೆ: 'ಅಮ್ಮ ನನಗೊಂದು ಕೋಳಿಯನ್ನಾದರೂ ಇಟ್ಟಿದ್ದಾಳಾ, ಕೇಳು.'

ಅತ್ತೆ ಮಂಕರಿಗೆ ಸೀರೆ ತುಂಡು ಮುಚ್ಚಿ, ಅಂಚು ಸಿಕ್ಕಿಸಿ, ನಿಧಾನವಾಗಿ ಹೇಳಿದರು:

"ಅಡುಗೆ ಬತ್ತೈತೆ ಅಂತ ಬರ್ಸವ್ನಲ್ಲ. ಮೊದ್ಲು ಒಂದ್ ಮೊಟ್ಟೆ ಬೇಯ್ಸಿ, ಅದನ್ನ ಸ್ಟೇಟಸ್ಸಿಗೆ ಹಾಕು ಅನ್ನು. ಆಮೇಕೆ ಕೋಳಿ ಮಾತು."